ಕರಗಿದ್ದೆಲ್ಲ ಸಂಯುಕ್ತವಲ್ಲ

ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳಲ್ಲಿ ವರ್ಷ ವರ್ಷವೂ ಕಾಣುವ ತಪ್ಪು: ‘ಉಪ್ಪುನೀರು ಸಂಯುಕ್ತ’. ಉಪ್ಪು ಕಣ್ಣಿಗೆ ಕಾಣುತ್ತಿಲ್ಲ, ಆದ್ದರಿಂದ ಹೊಸ ವಸ್ತುವಾಗಿದೆ ಎಂದು ಮಕ್ಕಳ ಲೆಕ್ಕ. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿದರೆ ಇದು ಸರಿಹೋಗುವುದಿಲ್ಲ. ಕೈಯಾರೆ ಬೇರ್ಪಡಿಸಿ ನೋಡಬೇಕು.

ಹಿನ್ನೆಲೆ ಇಷ್ಟು: ಒಂದೇ ಬಗೆಯ ಪರಮಾಣುಗಳಿದ್ದರೆ ಧಾತು, ಇಂದಿಗೆ 118 ಗೊತ್ತಿವೆ. ಧಾತುಗಳು ನಿಗದಿತ ಪ್ರಮಾಣದಲ್ಲಿ ರಾಸಾಯನಿಕವಾಗಿ ಕೂಡಿದರೆ ಸಂಯುಕ್ತ. ಬರೀ ಬೆರೆತಿದ್ದರೆ ಮಿಶ್ರಣ.

ಒಂದು ಹಿಡಿ ಒಣ ಮರಳಿಗೆ ಎರಡು ಚಮಚ ಕಲ್ಲುಪ್ಪು ಬೆರೆಸಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗಿಟ್ಟು ಅದರ ಮೇಲೆ ಆಡಿಸಿ. ಕವರ್ ಇಲ್ಲದಿದ್ದರೆ ಅಂಟಿದ್ದನ್ನು ಬಿಡಿಸುವುದೇ ದೊಡ್ಡ ಕೆಲಸ. ಹೊಳೆ ಮರಳಾದರೆ ಸಾಮಾನ್ಯವಾಗಿ ಕಪ್ಪು ಕಣಗಳು ಅಂಟುತ್ತವೆ. ಮಕ್ಕಳು ಕೂಡಲೇ ‘ಕಬ್ಬಿಣದ ಪುಡಿ, ಧಾತು’ ಎನ್ನುತ್ತಾರೆ. ಅಲ್ಲಿ ತಡೆಯಿರಿ. ಅದು ಬಹುಪಾಲು ಮ್ಯಾಗ್ನಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ. ಮಿಶ್ರಣದಿಂದ ಸಂಯುಕ್ತವನ್ನು ಅಯಸ್ಕಾಂತ ಎತ್ತಿಕೊಟ್ಟಿತು. ಆದರೆ ಆ ಕಣದೊಳಗಿನ ಕಬ್ಬಿಣವನ್ನು ಆಮ್ಲಜನಕದಿಂದ ಬಿಡಿಸುವುದು ಅಯಸ್ಕಾಂತದ ಕೈಲಾಗದು, ಅದಕ್ಕೆ ಊದುಕುಲುಮೆಯೇ ಬೇಕು.

ಉಳಿದದ್ದಕ್ಕೆ ನೀರು ಹಾಕಿ ಕಲಕಿ, ಬಟ್ಟೆಯಲ್ಲಿ ಸೋಸಿ. ಸೋಸಿದ ನೀರನ್ನು ಅಗಲವಾದ ಗಾಜಿನ ಅಥವಾ ಪಿಂಗಾಣಿ ತಟ್ಟೆಯಲ್ಲಿ ಬಿಸಿಲಿಗಿಡಿ. ಅವಸರಪಟ್ಟು ಒಲೆಯ ಮೇಲಿಟ್ಟರೆ ನೀರು ಆರುವ ಹೊತ್ತಿಗೆ ಉಪ್ಪು ಸಿಡಿದು ಕಣ್ಣಿಗೆ ಬೀಳುತ್ತದೆ. ಬಿಸಿಲೇ ಮೇಲು.

ತಟ್ಟೆಯ ತಳದಲ್ಲಿ ಉಪ್ಪಿನ ಹರಳು ಕಂಡಾಗ ಎರಡು ಪ್ರಶ್ನೆ ಕೇಳಿ. ಮೊದಲನೆಯದು, ಗುಣ ಉಳಿಯಿತೇ? ಉಪ್ಪುನೀರಿನಲ್ಲಿ ಉಪ್ಪಿನ ರುಚಿ ಹಾಗೇ ಇತ್ತು. ಅದೇ ಉಪ್ಪಿನೊಳಗೆ ಸೋಡಿಯಂ ಮತ್ತು ಕ್ಲೋರಿನ್‌ನ ಗುಣ ಹುಡುಕಿದರೂ ಸಿಗದು: ಒಂದು ನೀರು ಸೋಕಿದರೆ ಉರಿಯುವ ಲೋಹ, ಇನ್ನೊಂದು ವಿಷಾನಿಲ. ಎರಡನೆಯದು, ಪ್ರಮಾಣ ನಿಗದಿಯಾಗಿದೆಯೇ? ನನ್ನ ಮಟ್ಟಿಗೆ ಇದೇ ಮುಖ್ಯ, ಇದನ್ನೇ ಎಲ್ಲರೂ ಕೇಳದೆ ಬಿಡುತ್ತಾರೆ. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು ಹಾಕಿದರೂ ಉಪ್ಪುನೀರು, 20 ಗ್ರಾಂ ಹಾಕಿದರೂ ಉಪ್ಪುನೀರು. ಸುಮಾರು 36 ಗ್ರಾಂ ತನಕ ಕರಗುತ್ತಲೇ ಹೋಗುತ್ತದೆ. ಶುದ್ಧ ನೀರು ಹಾಗಲ್ಲ. ಕಾವೇರಿಯದಾಗಲಿ, ಮಳೆಯದಾಗಲಿ, 9 ಗ್ರಾಂ ನೀರಿನಲ್ಲಿ 1 ಗ್ರಾಂ ಜಲಜನಕ, 8 ಗ್ರಾಂ ಆಮ್ಲಜನಕ. ಈ ನಿಯಮವನ್ನು ಫ್ರಾನ್ಸಿನ ಜೋಸೆಫ್ ಪ್ರೌಸ್ಟ್ 18ನೇ ಶತಮಾನದ ಕೊನೆಯಲ್ಲೇ ಕಂಡುಕೊಂಡಿದ್ದ. ಪ್ರಮಾಣ ನಮ್ಮ ಇಷ್ಟದಂತೆ ಹೆಚ್ಚುಕಡಿಮೆಯಾಗುವುದಾದರೆ ಅದು ಮಿಶ್ರಣ, ಕಣ್ಣಿಗೆ ಎಷ್ಟೇ ಒಂದಾಗಿ ಕಾಣಲಿ.

ಇದೇ ಅಳತೆಗೋಲಿನಲ್ಲಿ 22 ಕ್ಯಾರೆಟ್ ಚಿನ್ನ (ಶೇ 91.6 ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥವು), ಹಿತ್ತಾಳೆ, ಗಾಳಿ ಮೂರೂ ಮಿಶ್ರಣ. ನೀರು ಮಾತ್ರ ಸಂಯುಕ್ತ, ಕಾಯಿಸಿದ ಮಾತ್ರಕ್ಕೆ ಒಡೆಯದು: ಕುದಿಯುವ ನೀರಿನ ಗುಳ್ಳೆಯೊಳಗೆ ಇರುವುದು ನೀರಾವಿಯೇ ಹೊರತು ಜಲಜನಕವಲ್ಲ. ನೀರನ್ನು ಒಡೆಯಬೇಕಾದರೆ ವಿದ್ಯುತ್ ಹಾಯಿಸಬೇಕು. ಆದರೆ ಉಪ್ಪುನೀರಿಗೆ ಬ್ಯಾಟರಿ ಜೋಡಿಸುವ ಪ್ರಯೋಗ ಮನೆಯಲ್ಲಿ ಬೇಡವೇ ಬೇಡ, ಕ್ಲೋರಿನ್ ಹೊರಬರುತ್ತದೆ. ತಟ್ಟೆಯಲ್ಲಿ ಉಳಿದ ಉಪ್ಪನ್ನು ಅಡುಗೆಗೆ ಬಳಸಬೇಡಿ.