ಬರಹದ ಪರಿವರ್ತನೆ: ಬೃಹತ್ ಗಣಕದಿಂದ ಮೇಜಿನ ಗಣಕಕ್ಕೆ

ತಾಳೆಗರಿಯ ಗ್ರಂಥವನ್ನು ಪ್ರತಿಮಾಡುವ ಲಿಪಿಕಾರನಿಂದ ಎರಡು ಬಗೆಯ ಪ್ರಮಾದಗಳು ಸಂಭವಿಸುತ್ತವೆ. ಒಂದಕ್ಷರವನ್ನು ಮತ್ತೊಂದಾಗಿ ಓದಿಕೊಳ್ಳುವುದು ಮೊದಲನೆಯದು. ಅಕ್ಷರಗಳನ್ನೆಲ್ಲ ಸರಿಯಾಗಿಯೇ ಬರೆದು, ಮೂಲಪದ್ಯ ಯಾವುದು, ಟೀಕೆ ಯಾವುದು ಎಂಬ ವಿಭಾಗವನ್ನು ಅಳಿಸಿಬಿಡುವುದು ಎರಡನೆಯದು. ಮೊದಲಿನದು ಬೇಗ ಕಣ್ಣಿಗೆ ಬೀಳುತ್ತದೆ. ಎರಡನೆಯದು ಬಹುಕಾಲ ಅಡಗಿರುತ್ತದೆ. ಒಂದು ಗಣಕಯಂತ್ರದ ಬರಹವನ್ನು ಮತ್ತೊಂದಕ್ಕೆ ಸಾಗಿಸುವಾಗಲೂ ಈ ಎರಡು ಪ್ರಮಾದಗಳೇ ಎದುರಾಗುತ್ತವೆ.

ಗಣಕಯಂತ್ರವು ಅಕ್ಷರವನ್ನರಿಯದು, ಸಂಖ್ಯೆಯನ್ನಷ್ಟೇ ಅರಿಯುವುದು. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಬೇಕಾಗುತ್ತದೆ. ಅಮೆರಿಕದಲ್ಲಿ ೧೯೬೩ರಲ್ಲಿ ಆಸ್ಕಿ ಎಂಬ ಸಂಕೇತಪಟ್ಟಿ ಪ್ರಕಟವಾಯಿತು. ಆದರೆ ೧೯೬೪ರಲ್ಲಿ ಐ.ಬಿ.ಎಂ. ಸಂಸ್ಥೆಯು ಸಿಸ್ಟಂ ೩೬೦ ಎಂಬ ಮೇನ್‌ಫ್ರೇಮ್‌ಗಳನ್ನು, ಎಂದರೆ ಬೃಹತ್ ಗಣಕಗಳನ್ನು, ಹೊರತಂದಾಗ ಎಬ್ಸಿಡಿಕ್ ಎಂಬ ಬೇರೊಂದು ಪಟ್ಟಿಯನ್ನು ಅಳವಡಿಸಿತು. ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ ಆಸ್ಕಿಯಲ್ಲಿ ೬೫, ಎಬ್ಸಿಡಿಕ್‌ನಲ್ಲಿ ೧೯೩. ಮೊದಲನೆಯದರಲ್ಲಿ ಅಂಕಿಗಳು ಅಕ್ಷರಗಳಿಗಿಂತ ಮುಂಚೆ ಬರುತ್ತವೆ. ಎರಡನೆಯದರಲ್ಲಿ ಅಕ್ಷರಗಳ ಅನಂತರ. ೧೯೮೧ರಲ್ಲಿ ಬಂದ ಅದೇ ಸಂಸ್ಥೆಯ ಮೇಜಿನ ಗಣಕವು ಆಸ್ಕಿಯನ್ನು ಅವಲಂಬಿಸಿತು. ಹೀಗೆ ಒಂದೇ ಮನೆಯ ಎರಡು ಯಂತ್ರಗಳಿಗೆ ಪರಸ್ಪರ ಲಿಪಿ ತಿಳಿಯದಂತಾಯಿತು. ಎಬ್ಸಿಡಿಕ್‌ನಲ್ಲಿಯೂ ಒಳಭೇದಗಳುಂಟು, ಚೌಕಾಕಾರದ ಆವರಣಚಿಹ್ನೆಯ ಸಂಖ್ಯೆ ಒಂದು ಪಟ್ಟಿಯಲ್ಲಿರುವಂತೆ ಇನ್ನೊಂದರಲ್ಲಿ ಇರುವುದಿಲ್ಲ. ಮೂಲವು ಯಾವ ಪಟ್ಟಿಯದೆಂದು ನಿರ್ಣಯಿಸುವುದೇ ಪರಿವರ್ತನೆಯ ಮೊದಲ ಹೆಜ್ಜೆ.

ಎರಡನೆಯ ತೊಡಕು ಸಾಲಿನದು. ಬೃಹತ್ ಗಣಕದ ಸಾಲು ಪಂಚ್ ಕಾರ್ಡಿನ ಸಂತತಿ. ಕಾರ್ಡಿಗೆ ೮೦ ಸ್ಥಾನಗಳು; ಅದರ ಅನುಕರಣದಲ್ಲಿ ಎಷ್ಟೋ ಕಡತಗಳ ಸಾಲುಗಳೂ ೮೦ ಸ್ಥಾನಗಳವೇ. ಬರಹ ಮುಗಿದ ಬಳಿಕ ಉಳಿದ ಸ್ಥಾನಗಳಲ್ಲಿ ಖಾಲಿಯನ್ನು ತುಂಬುತ್ತಿದ್ದರು. ೭೩ರಿಂದ ೮೦ರವರೆಗೆ ಕ್ರಮಸಂಖ್ಯೆಯನ್ನಿಡುವ ರೂಢಿಯೂ ಇದ್ದಿತು. ಇಂಥ ಕಡತಗಳಲ್ಲಿ ಸಾಲಿನ ಕೊನೆಗೆ ಬೇರೆ ಚಿಹ್ನೆಯಿಲ್ಲ; ಉದ್ದವೇ ಚಿಹ್ನೆ. ವರ್ಡ್ ಪ್ರೊಸೆಸರ್‌ನಲ್ಲಾದರೋ ಸಾಲು ಅಂಚಿನ ಅಳತೆಗೆ ತಕ್ಕಂತೆ ತಾನಾಗಿ ಮುರಿಯುತ್ತದೆ. ಬರೆಯುವವನು ಚಿಹ್ನೆಯಿಡುವುದು ಪರಿಚ್ಛೇದದ ಕೊನೆಗೆ. ಈ ಭೇದವನ್ನರಿಯದೆ ಪರಿವರ್ತಿಸಿದರೆ ಪ್ರತಿ ಸಾಲೂ ಒಂದೊಂದು ಪರಿಚ್ಛೇದವಾಗುತ್ತದೆ, ಕ್ರಮಸಂಖ್ಯೆಗಳು ವಾಕ್ಯದ ನಡುವೆ ನುಸುಳುತ್ತವೆ. ಮೇಜಿನ ಗಣಕದ ಬರಹವೂ ನಿರ್ದೋಷವಲ್ಲ. ೧೯೭೮ರ ವರ್ಡ್‌ಸ್ಟಾರ್, ಪದದ ಕೊನೆಯ ಅಕ್ಷರದ ಸಂಖ್ಯೆಗೆ ೧೨೮ನ್ನು ಕೂಡಿಸಿಡುತ್ತಿತ್ತು. ಅದನ್ನು ಕಳೆಯದಿದ್ದರೆ ಬೇರೆಡೆ ಪದಾಂತ್ಯಗಳೆಲ್ಲ ವಿಕಾರವಾಗಿ ತೋರುತ್ತಿದ್ದವು.

ಮೂರನೆಯದು ರಚನೆಯ ಪ್ರಶ್ನೆ. ಬೃಹತ್ ಗಣಕದ ಸ್ಕ್ರಿಪ್ಟ್ ಎಂಬ ವ್ಯವಸ್ಥೆಯಲ್ಲಿ ಸಾಲಿನ ಆದಿಯಲ್ಲಿ ಚುಕ್ಕೆಯಿಟ್ಟು, 'ನಡುವಿಗೆ ತಾ', 'ಸಾಲು ಬಿಡು' ಮುಂತಾದ ಆಜ್ಞೆಗಳನ್ನು ಬರೆಯುತ್ತಿದ್ದರು. ೧೯೬೯ರಲ್ಲಿ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಒಂದು ಹೆಜ್ಜೆ ಮುಂದೆ ಹೋದರು. ಅವರ ಹೆಸರುಗಳ ಮೊದಲಕ್ಷರಗಳನ್ನೇ ಹೊತ್ತ ಜಿ.ಎಂ.ಎಲ್. ಪದ್ಧತಿಯು, ಬರಹ ಹೇಗೆ ಕಾಣಬೇಕೆಂಬುದನ್ನಲ್ಲ, ಅದು ಏನೆಂಬುದನ್ನು ಹೇಳುತ್ತದೆ: ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ. ಇದೇ ವಿಚಾರ ೧೯೮೬ರಲ್ಲಿ ಎಸ್.ಜಿ.ಎಂ.ಎಲ್. ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. 'ಇದು ಶೀರ್ಷಿಕೆ' ಎಂಬುದನ್ನು 'ದಪ್ಪಕ್ಷರ' ಎಂದು ಮಾರ್ಪಡಿಸುವುದು ಇಳಿಜಾರಿನ ದಾರಿ. ಹಿಂದಿರುಗುವುದು ಕಡಿದು, ದಪ್ಪಕ್ಷರವು ಶೀರ್ಷಿಕೆಯೋ, ಗ್ರಂಥನಾಮವೋ, ಒತ್ತಿ ಹೇಳಿದ ಮಾತೋ ಎಂಬುದನ್ನು ನಿರ್ಣಯಿಸಲು ಓದಬಲ್ಲ ಮನುಷ್ಯನೇ ಬೇಕು.

ಇದು ಪರದೇಶದ ವಾರ್ತೆ ಮಾತ್ರವಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ ಕನ್ನಡದ ಬರಹಗಳು ಗಣಕದಲ್ಲಿ ಬಹುಮಟ್ಟಿಗೆ ಅಚ್ಚುಮೊಳೆಗಳ ತುಂಡುಗಳಂತೆ ಕೂಡಿಡಲ್ಪಟ್ಟಿದ್ದವು. 'ಧರ್ಮ' ಎಂಬ ಪದ ಅಂಥ ಫಾಂಟುಗಳಲ್ಲಿ ಧ, ಮ, ಅರ್ಕಾವತ್ತು ಎಂದು ಕಣ್ಣಿಗೆ ಕಾಣುವ ಕ್ರಮದಲ್ಲಿದ್ದರೆ, ಯೂನಿಕೋಡಿನಲ್ಲಿ ಧ, ರ, ಹಲಂತಚಿಹ್ನೆ, ಮ ಎಂದು ಉಚ್ಚಾರಣೆಯ ಕ್ರಮದಲ್ಲಿರುತ್ತದೆ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಆ ಫಾಂಟುಗಳು ಕನ್ನಡದ ಮೊಳೆಗಳಿಗೆ ಕೊಟ್ಟಿದ್ದವು. ಯಾವ ಪದಕ್ಕೆ ಯಾವ ಫಾಂಟೆಂಬ ಗುರುತು ಅಳಿದರೆ, ನಡುವೆ ಬಂದ ಇಂಗ್ಲಿಷ್ ಹೆಸರೂ ಅರ್ಥವಿಲ್ಲದ ಕನ್ನಡವಾಗುತ್ತದೆ. ಎರಡನೆಯ ಪ್ರಮಾದವೇ ಮೊದಲನೆಯದಕ್ಕೆ ಕಾರಣವಾಗುವ ಬಗೆಯಿದು.

ಆದುದರಿಂದ ಪರಿವರ್ತನೆಗೆ ತೊಡಗುವವರು ಮೂಲ ಕಡತವನ್ನು ಎಂದಿಗೂ ಅಳಿಸಬಾರದು. ಮೊದಲು ಕೆಲವು ಪುಟಗಳನ್ನು ಪರಿವರ್ತಿಸಿ, ಹಳೆಯ ಅಚ್ಚುಪ್ರತಿಯೊಡನೆ ಓದಿ ನೋಡಬೇಕು. ಹೆಸರು, ಅಂಕಿ, ಇಸವಿ, ಕೋಷ್ಟಕಗಳನ್ನು ಒಬ್ಬರು ಓದಿ ಇನ್ನೊಬ್ಬರು ತಾಳೆನೋಡಬೇಕು. ಮಾಡಿದ ಮಾರ್ಪಾಡುಗಳನ್ನು ಬೇರೆ ಹಾಳೆಯಲ್ಲಿ ಬರೆದಿಡಬೇಕು. ದಾಖಲೆಯಲ್ಲಿ ದಾನಿಯ ಹೆಸರೊಂದು, ವಿದ್ಯಾರ್ಥಿಯ ಇಸವಿಯೊಂದು ಮೂಕವಾಗಿ ತಪ್ಪಿದರೆ ಮುಂದಿನ ತಲೆಮಾರು ಅದನ್ನೇ ಸತ್ಯವೆಂದು ನಂಬುತ್ತದೆ. ಯಂತ್ರವು ಪ್ರತಿಯನ್ನು ಮಾಡಿಕೊಡಬಲ್ಲುದು. ಪಾಠವನ್ನು ಶುದ್ಧವಾಗಿ ಉಳಿಸುವ ಹೊಣೆ ಅಂದಿನ ಲಿಪಿಕಾರನದಿದ್ದಂತೆ ಇಂದು ಪರಿವರ್ತಿಸುವವನದು.