ವಾಲುವ ಪಿಕಪ್‌ಗೆ ಮೊದಲ ಖರ್ಚು ಯಾವುದು?

ಹತ್ತು ವರ್ಷ ದಾಟಿದ ಪಿಕಪ್ ತಿರುವಿನಲ್ಲಿ ಪಕ್ಕಕ್ಕೆ ವಾಲತೊಡಗಿದರೆ ಈಗ ಎಲ್ಲ ಕಡೆಯಿಂದಲೂ ಒಂದೇ ಸಲಹೆ ಬರುತ್ತದೆ: ಹಿಂದಕ್ಕೊಂದು ಸ್ವೇ ಬಾರ್ ಹಾಕಿಸಿಬಿಡಿ. ನಮ್ಮ ಗ್ಯಾರೇಜುಗಳಲ್ಲಿ ಅದು ಸ್ಟೆಬಿಲೈಸರ್ ರಾಡ್. ಸಲಹೆ ಸುಳ್ಳೇನೂ ಅಲ್ಲ. ಆದರೆ ಅದು ಹೆಚ್ಚಾಗಿ ಬರುತ್ತಿರುವುದು ಅಮೆರಿಕದ ವಿಡಿಯೊಗಳಿಂದ. ಅಲ್ಲಿಯವರು ಪಿಕಪ್ಪಿನ ಬೆನ್ನ ಮೇಲೆ ಎತ್ತರದ ಕ್ಯಾಂಪರ್ ಹೊರಿಸಿ ನಯವಾದ ಹೆದ್ದಾರಿಯಲ್ಲಿ ದಿನಗಟ್ಟಲೆ ಓಡಿಸುತ್ತಾರೆ. ನಮ್ಮ ತ್ಯಾಮಗೊಂಡ್ಲು ಹೋಬಳಿಯ ಪಿಕಪ್ಪಿನ ಪಾಡು ಬೇರೆ. ಬೆಳಗಿನ ಜಾವ ತರಕಾರಿ ಹೊತ್ತು ಬೆಂಗಳೂರು, ಮಧ್ಯಾಹ್ನ ದಾಬಸ್‌ಪೇಟೆಯ ಸೋಂಪುರ ಕೈಗಾರಿಕಾ ಪ್ರದೇಶದಿಂದ ರಟ್ಟಿನ ಪೆಟ್ಟಿಗೆ, ಸಂಜೆ ಯಾರದೋ ಹೊಲದಿಂದ ರಾಗಿ ಹುಲ್ಲು. ಒಂದೇ ದಿನದಲ್ಲಿ ಹೆದ್ದಾರಿಯೂ ಉಂಟು, ಗಾಡಿ ಜಾಡೂ ಉಂಟು. ಇಂಥ ಹಳೆಯ ಗಾಡಿಗೆ ಹೊಸ ಸ್ಟೆಬಿಲೈಸರ್ ರಾಡು ಕೊನೆಯಲ್ಲಿ ಮಾಡಬೇಕಾದ ಖರ್ಚು ಎಂಬುದು ನನ್ನ ವಾದ. ಕಂಪನಿಯಿಂದ ಬರುವಾಗ ಇದ್ದದ್ದನ್ನು ಮೊದಲಿನ ಸ್ಥಿತಿಗೆ ತರುವ ಮುನ್ನ, ಎಂದೂ ಇರದಿದ್ದನ್ನು ಸೇರಿಸಲು ದುಡ್ಡು ಹಾಕಬಾರದು.

ರಾಡು ಮಾಡುವ ಕೆಲಸ ಸರಳ. ಅದು ಎಡ ಚಕ್ರವನ್ನೂ ಬಲ ಚಕ್ರವನ್ನೂ ಜೋಡಿಸುವ ಸ್ಪ್ರಿಂಗ್ ಉಕ್ಕಿನ ಬಾಗಿದ ಕೋಲು. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಅದಕ್ಕೆ ಕೆಲಸವಿಲ್ಲ. ಗಾಡಿ ಒಂದು ಪಕ್ಕಕ್ಕೆ ವಾಲಿದಾಗ ಮಾತ್ರ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು, ಆ ವಾಲಾಟಕ್ಕೆ ತಡೆ ಒಡ್ಡುತ್ತದೆ. ಕೆನಡಾದ ಸ್ಟೀಫನ್ ಕೋಲ್‌ಮನ್ ಎಂಬವರು 1919ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಅಂದರೆ ಇದು ನಿನ್ನೆ ಮೊನ್ನೆಯ ಜಾಣ್ಮೆಯಲ್ಲ. ಗಾಡಿ ತಯಾರಿಸುವವರಿಗೂ ಇದು ಗೊತ್ತು. ಯಾವ ಮಾಡೆಲ್ಲಿಗೆ ಮುಂದೆ ರಾಡು ಬೇಕು, ಯಾವುದರ ಹಿಂಭಾಗಕ್ಕೆ ಕಮಾನ್ ಪ್ಲೇಟಿನ ಬಿಗುವೇ ಸಾಕು ಎಂದು ಲೆಕ್ಕ ಹಾಕಿಯೇ ಅವರು ಗಾಡಿ ಬಿಟ್ಟಿರುತ್ತಾರೆ. ಹಾಗಿದ್ದ ಮೇಲೆ, ಹೊಸದರಲ್ಲಿ ನೆಟ್ಟಗೆ ತಿರುಗುತ್ತಿದ್ದ ಗಾಡಿ ಈಗ ವಾಲುತ್ತಿದೆ ಎಂದರೆ ಅದರೊಳಗೆ ಏನೋ ಸವೆದಿದೆ ಎಂದೇ ಅರ್ಥ. ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿರಬಹುದು. ಪ್ಲೇಟಿನ ಕಣ್ಣಿನ ಬುಷ್ ಪುಡಿಯಾಗಿರಬಹುದು. ಪ್ಲೇಟುಗಳು ಬಾಗು ಕಳೆದುಕೊಂಡು ಒಂದು ಪಕ್ಕ ಇಳಿದಿರಬಹುದು, ಇಲ್ಲವೇ ಟೈರಿನಲ್ಲಿ ಗಾಳಿ ಕಡಿಮೆಯಿರಬಹುದು. ಮುಂದಿನ ರಾಡು ಮೊದಲೇ ಇರುವ ಮಾಡೆಲ್ಲುಗಳಲ್ಲಿ ಅದರ ಲಿಂಕಿನ ರಬ್ಬರು ಕಿತ್ತುಹೋಗಿ, ರಾಡು ಹೆಸರಿಗಷ್ಟೇ ನೇತಾಡುತ್ತಿರುತ್ತದೆ. ಆ ರಬ್ಬರು ಮತ್ತು ಲಿಂಕಿನ ಬೆಲೆ ಹೊಸ ರಾಡಿನ ಬೆಲೆಯ ಸಣ್ಣದೊಂದು ಪಾಲು.

ಹಣಕಾಸಿನ ಕಣ್ಣಿನಿಂದ ನೋಡಿದರೆ ದುಡಿಯುವ ಗಾಡಿಗೆ ಹಾಕುವ ಯಾವ ರೂಪಾಯಿಯಾದರೂ ಹೆಚ್ಚು ಬಾಡಿಗೆ ತರಬೇಕು, ಇಲ್ಲವೇ ಖರ್ಚು ಉಳಿಸಬೇಕು, ಅದೂ ಇಲ್ಲದಿದ್ದರೆ ನಷ್ಟ ತಪ್ಪಿಸಬೇಕು. ರಾಡು ಹಾಕಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿ ಬರೆದ ತೂಕಕ್ಕಿಂತ ಒಂದು ಕಿಲೋ ಹೆಚ್ಚು ಹೊರುವಂತಿಲ್ಲ. ಡೀಸೆಲ್ ಉಳಿಯುವುದಿಲ್ಲ. ಟೈರು ಉಳಿಸುವುದು ಅಲೈನ್‌ಮೆಂಟು, ಸರಿಯಾದ ಗಾಳಿ, ಜೀವವಿರುವ ಶಾಕ್ ಅಬ್ಸಾರ್ಬರು. ಮಾರುವಾಗ ಹಳೆ ಗಾಡಿ ಕೊಳ್ಳುವವನು ಎಂಜಿನ್ನು, ಟೈರು, ಎಫ್‌ಸಿ ದಿನಾಂಕ ನೋಡುತ್ತಾನೆಯೇ ಹೊರತು ಅಡಿಯ ರಾಡಿಗೆ ಬೆಲೆ ಕಟ್ಟುವುದಿಲ್ಲ. ಲೆಕ್ಕಕ್ಕಾಗಿ, ರಾಡು ಮತ್ತು ಕೂಲಿ ಸೇರಿ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಗ್ಯಾರೇಜಿನ ದರ ಹಾಕಿಕೊಂಡು ಇದೇ ಲೆಕ್ಕ ಮಾಡಬಹುದು. ಡೀಸೆಲ್ಲು, ಚಾಲಕನ ಬಾಟಾ ಕಳೆದು ಒಂದು ಬಾಡಿಗೆಯಲ್ಲಿ 600 ರೂಪಾಯಿ ಉಳಿಯುವುದಾದರೆ ಇದು 25 ಬಾಡಿಗೆಯ ದುಡಿಮೆ. ಗಾಡಿ ಇನ್ನು ಮೂರು ವರ್ಷ ನಿಮ್ಮಲ್ಲಿರುತ್ತದೆ ಎಂದರೆ ವರ್ಷಕ್ಕೆ 5,000. ಇದು ದೊಡ್ಡ ಮೊತ್ತವಲ್ಲ, ನಿಜ. ಆದರೆ ಎಂಟು ವರ್ಷ ದಾಟಿದ ಸರಕು ವಾಹನ ಪ್ರತಿವರ್ಷ ಎಫ್‌ಸಿಗೆ ನಿಲ್ಲಬೇಕು. ಅಲ್ಲಿ ಕೇಳುವ ಬ್ರೇಕು, ಸ್ಟೀರಿಂಗು, ಟೈರಿನ ಕೆಲಸ ಬಾಕಿ ಇರುವಾಗ ಆ 15,000ಕ್ಕೆ ಬೇರೆ ಹಕ್ಕುದಾರರು ಇದ್ದಾರೆ.

ಇಲ್ಲಿ ಬಲವಾದ ಆಕ್ಷೇಪವೊಂದು ಬರುತ್ತದೆ. ಹಳೆ ಗಾಡಿಗಳಲ್ಲಿ ಎಷ್ಟಕ್ಕೋ ಇರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ. ಐದು ವರ್ಷ ದಾಟಿದ ಮೇಲೆ ವಾಹನದ ವಿಮಾ ಮೌಲ್ಯ ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಂಡಷ್ಟೇ. ಫುಲ್ ಇನ್ಶೂರೆನ್ಸ್ ಇದ್ದರೂ ಮಾಮೂಲಿ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್, ಟೈರುಗಳಿಗೆ ಅರ್ಧ ಬೆಲೆ ಸವಕಳಿಯೆಂದು ಕಳೆಯುತ್ತಾರೆ. ಹೀಗಿರುವಾಗ ಗಾಡಿ ಒಮ್ಮೆ ಮಗುಚಿದರೆ ಸರಕು, ಬಾಡಿ, ದುಡಿಮೆ ನಿಂತ ದಿನಗಳ ನಷ್ಟ ಬಹುಪಾಲು ಮಾಲೀಕನ ತಲೆಗೇ. ಅದರ ಮುಂದೆ 15,000 ಯಾವ ಲೆಕ್ಕ? ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ವಾಲುವುದು ಬೇರೆ, ಮಗುಚುವುದು ಬೇರೆ. ಮಗುಚುವ ಹಂತವನ್ನು ಮುಖ್ಯವಾಗಿ ತೀರ್ಮಾನಿಸುವುದು ಎರಡು ಅಳತೆಗಳು: ಎಡಬಲ ಚಕ್ರಗಳ ನಡುವಿನ ಅಗಲದ ಅರ್ಧ, ಮತ್ತು ಲೋಡಾದ ಗಾಡಿಯ ತೂಕದ ಕೇಂದ್ರ ನೆಲದಿಂದ ಇರುವ ಎತ್ತರ. ಅಗಲ 1.4 ಮೀಟರ್, ಎತ್ತರ ಒಂದು ಮೀಟರ್ ಎಂದರೆ, ತನ್ನ ತೂಕದ 0.7 ಪಾಲಿನಷ್ಟು ಬಲ ಪಕ್ಕಕ್ಕೆ ಎಳೆದಾಗ ಗಾಡಿ ಒಳಚಕ್ರ ಎತ್ತುತ್ತದೆ. ಹುಲ್ಲು ಮೇಲೆ ಮೇಲೆ ಒಟ್ಟಿ ಕೇಂದ್ರವನ್ನು 1.2 ಮೀಟರಿಗೆ ಏರಿಸಿದರೆ ಅದು 0.58ಕ್ಕೆ ಇಳಿಯುತ್ತದೆ. ರಾಡು ಈ ಅಗಲವನ್ನೂ ಹೆಚ್ಚಿಸದು, ಎತ್ತರವನ್ನೂ ತಗ್ಗಿಸದು. ವಾಲಿಕೆ ಕಡಿಮೆಯಾಗುವುದರಿಂದ ಸಿಗುವ ಲಾಭ ಅಲ್ಪ. ವೇಗದ ಲೆಕ್ಕ ಇನ್ನೂ ಖಾರ. ಕೆರೆ ಏರಿಯ ಕೊನೆಯಲ್ಲಿ ಬರುವಂಥ 30 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 40 ಕಿ.ಮೀ.ನಲ್ಲಿ ತೆಗೆದುಕೊಂಡರೆ ಪಕ್ಕದ ಸೆಳೆತ ತೂಕದ 0.42 ಪಾಲು, 50ರಲ್ಲಿ 0.66. ಹತ್ತು ಕಿಲೋಮೀಟರ್ ಕಡಿಮೆ ಮಾಡುವುದಕ್ಕೆ ಯಾವ ಅಂಗಡಿಯಲ್ಲೂ ಬಿಲ್ಲಿಲ್ಲ.

ಇನ್ನೊಂದು ಮಾತು ಮೆಕ್ಯಾನಿಕ್ಕುಗಳಿಂದ ಬರುತ್ತದೆ: ಹಾಕಿಸುವುದಾದರೆ ದಪ್ಪದ್ದೇ ಹಾಕಿಸಿ. ರಾಡಿನ ಬಿಗುವು ಅದರ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. 20 ಮಿ.ಮೀ. ಬದಲು 25 ಮಿ.ಮೀ. ಹಾಕಿದರೆ ಬಿಗುವು ಕಾಲು ಪಾಲಷ್ಟೇ ಹೆಚ್ಚುವುದಿಲ್ಲ, ಸುಮಾರು ಎರಡೂವರೆ ಪಟ್ಟಾಗುತ್ತದೆ. ಹಿಂದಕ್ಕೆ ಮಾತ್ರ ಇಷ್ಟು ಬಿಗಿ ಮಾಡಿದರೆ ತಿರುವಿನಲ್ಲಿ ಹಿಂದಿನ ಹೊರಚಕ್ರದ ಮೇಲೆ ಹೊರೆ ಹೆಚ್ಚಿ, ಖಾಲಿ ಗಾಡಿ ಮಳೆಯ ರಸ್ತೆಯಲ್ಲಿ ಹಿಂದಿನಿಂದ ಜಾರುವ ಸಂಭವ ಹೆಚ್ಚುತ್ತದೆ. ನಮ್ಮ ಪಿಕಪ್ಪುಗಳು ಲೋಡು ಇಳಿಸಿ ಖಾಲಿ ವಾಪಸಾಗುವುದು ಮಾಮೂಲು. ಹೊಲದ ಬದುವಿನ ಮೇಲೆ ಇನ್ನೊಂದು ತೊಂದರೆ. ಒಂದು ಚಕ್ರ ಗುಂಡಿಗೆ ಇಳಿಯಬೇಕಾದಾಗ ರಾಡು ಅದನ್ನು ಮೇಲಕ್ಕೆ ಎಳೆದುಕೊಂಡಿರುತ್ತದೆ, ಹಿಡಿತ ತಪ್ಪಿದ ಚಕ್ರ ಸುಮ್ಮನೆ ತಿರುಗುತ್ತದೆ, ಗಾಡಿ ಕೆಸರಿನಲ್ಲಿ ನಿಲ್ಲುತ್ತದೆ. ಟ್ರ್ಯಾಕ್ಟರ್ ಕರೆಸಿ ಎಳೆಸುವ ಖರ್ಚನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ರಾಡು ಬೇಡವೆಂದು ಕಮಾನಿಗೆ ಇನ್ನೊಂದು ಪ್ಲೇಟು ಸೇರಿಸುವುದು ನಮ್ಮಲ್ಲಿ ಹೆಚ್ಚು ರೂಢಿ. ಇದನ್ನು ನಾನು ಇನ್ನೂ ಕೆಟ್ಟ ಖರ್ಚೆಂದು ಬಗೆಯುತ್ತೇನೆ. ಪ್ಲೇಟು ಸೇರಿದಂತೆ ಹಿಂಭಾಗ ಏರುತ್ತದೆ, ಜತೆಗೆ ತೂಕದ ಕೇಂದ್ರವೂ ಏರುತ್ತದೆ. ಎರಡನೆಯದಾಗಿ ಅದು ಹೆಚ್ಚು ಹೇರುವ ಆಸೆ ಹುಟ್ಟಿಸುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಇನ್ನು ಕಾನೂನಿನ ಪ್ರಶ್ನೆ ರಾಡಿಗೂ ಅಂಟಿಕೊಂಡೇ ಇದೆ. ಆರ್‌ಸಿ ವಿವರಕ್ಕೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು 52ನೇ ಸೆಕ್ಷನ್ ತಡೆಯುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ ಪ್ರತಿಯೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಎನ್ನುವ 182ಎ ಸೆಕ್ಷನ್, ಬಿಡಿಭಾಗ ಹೊಸದಾಗಿ ಕೂರಿಸುವುದನ್ನೂ ಹೆಸರಿಸುತ್ತದೆ. ಅದೇ ಮಾಡೆಲ್ಲಿಗೆ ಕಂಪನಿ ಕೊಡುವ ರಾಡನ್ನು ಅದರದೇ ಬೋಲ್ಟಿನ ಜಾಗದಲ್ಲಿ ಹಾಕುವುದಕ್ಕೂ, ಚಾಸಿಸ್ಸಿಗೆ ಬೆಸುಗೆ ಹಾಕಿ ಬ್ರಾಕೆಟ್ ಕೂರಿಸುವುದಕ್ಕೂ ಇರುವ ಅಂತರವನ್ನು ಎಫ್‌ಸಿ ಇನ್‌ಸ್ಪೆಕ್ಟರ್ ಗುರುತಿಸದೆ ಇರುವುದಿಲ್ಲ. ಬೆಸುಗೆಯ ಶಾಖಕ್ಕೆ ಚಾಸಿಸ್ಸಿನ ಉಕ್ಕು ಬಲಗುಂದುತ್ತದೆ. ವೆಲ್ಡಿಂಗ್ ಶಾಪಿನಲ್ಲಿ ಸಾದಾ ಕಬ್ಬಿಣದ ಸಲಾಕೆ ಬಾಗಿಸಿ ಮಾಡಿಕೊಟ್ಟ ರಾಡಂತೂ ತಿರುಚಿದಲ್ಲೇ ನಿಂತುಬಿಡುತ್ತದೆ.

ಹಾಗಾದರೆ ರಾಡು ಯಾರಿಗೂ ಬೇಡವೇ? ಬೇಕು. ಹಗುರವಾದರೂ ಎತ್ತರದ ಲೋಡು ಹೊರುವವರಿಗೆ, ಅಂದರೆ ಕೋಳಿ ಕ್ರೇಟು, ಪೀಠೋಪಕರಣ, ಥರ್ಮಾಕೋಲು ಸಾಗಿಸುತ್ತ ಬಹುಪಾಲು ಟಾರು ರಸ್ತೆಯಲ್ಲೇ ಓಡುವವರಿಗೆ ಅದು ಹೊಂದುತ್ತದೆ. ಸಂಬಳದ ಚಾಲಕನಿರುವ ಗಾಡಿಯಲ್ಲಿ ಇನ್ನೊಂದು ಅಂಶವೂ ಇದೆ: ದಿನವಿಡೀ ಓಲಾಡುವ ಗಾಡಿ ಓಡಿಸುವ ಆಯಾಸ ಅವನದು, ಒಳ್ಳೆಯ ಚಾಲಕ ಬಿಟ್ಟುಹೋದರೆ ಆಗುವ ನಷ್ಟ 15,000ಕ್ಕಿಂತ ಕಡಿಮೆಯೇನಲ್ಲ. ಆಗಲೂ ಬುಷ್, ಶಾಕ್ ಅಬ್ಸಾರ್ಬರ್, ಪ್ಲೇಟು ಸರಿಯಾದ ಮೇಲೆ ಗಾಡಿಯನ್ನು ಲೋಡಿನಲ್ಲಿ ಓಡಿಸಿ ನೋಡಿ, ಉಳಿದ ವಾಲಾಟಕ್ಕಷ್ಟೇ ರಾಡು ಕೊಳ್ಳಿ. ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಹುಡುಕಬಹುದು. ಹಳೆಯದಾದರೆ ಬಾಗಿದ ಮೂಲೆಗಳಲ್ಲಿ ಬಿರುಕಿದೆಯೇ ಎಂದು ನೋಡಬೇಕು. ಹೊಸದಕ್ಕೆ ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಅದಕ್ಕೆ ಮುಂಚೆ ಶೇ 28 ತೆರಿಗೆ ಸೇರಿಸಿ ಹೇಳುತ್ತಿದ್ದ ಬೆಲೆ ಈಗ ಸುಮಾರು ಶೇ 8ರಷ್ಟು ತಗ್ಗಿರಬೇಕು. ಹೊಸ ಬುಷ್ಷಿನ ಬೋಲ್ಟನ್ನು ಜಾಕಿನ ಮೇಲೆ ನೇತಾಡುವಾಗ ಬಿಗಿಯಲು ಬಿಡಬೇಡಿ. ಚಕ್ರ ನೆಲಕ್ಕೆ ತಾಗಿ, ಗಾಡಿಯ ಭಾರ ಪ್ಲೇಟಿನ ಮೇಲೆ ಕೂತ ಮೇಲೆ ಕೊನೆಯ ಸುತ್ತು ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಮೊದಲ ದಿನದಿಂದಲೇ ತಿರುಚಿಕೊಂಡಿದ್ದು, ಅವಧಿಗೆ ಮುಂಚೆಯೇ ಹರಿದು ಅದೇ ಖರ್ಚು ಮತ್ತೆ ಬರುತ್ತದೆ.