ನಿಯತ ವಿಳಾಸ: ಒಂದು ಪಾರಿಭಾಷಿಕ ವಿವೇಚನೆ

ಕನ್ನಡಿಯೊಳಗೆ ಕಾಣುವ ಬಿಂಬವನ್ನು ಭೌತವಿಜ್ಞಾನದ ಪಾಠಗಳಲ್ಲಿ ‘ಮಿಥ್ಯಾಬಿಂಬ’ ಎನ್ನುತ್ತೇವೆ. ಅದೇ ಜಾಡಿನಲ್ಲಿ ಗಣಕವಿಜ್ಞಾನದ ‘ವರ್ಚುಯಲ್ ಅಡ್ರೆಸ್’ ಅನ್ನು ‘ಮಿಥ್ಯಾ ವಿಳಾಸ’ ಎಂದುಬಿಡುವುದು ಸುಲಭ. ಆದರೆ ಆ ವಿಳಾಸ ನಿಜವಾಗಿ ಮಿಥ್ಯೆಯೇ? ಪಾರಿಭಾಷಿಕ ಪದವು ಮೂಲಪದದ ನೆರಳಾಗದೆ ವಸ್ತುವಿನ ವ್ಯಾಪಾರವನ್ನು ಹೇಳಬೇಕು ಎಂಬ ನಿಲುವಿನಿಂದ ಇದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ಒಂದು ನಿದರ್ಶನ. ಪುಣೆಯ ಖಡಕಿ ದಂಡುಪ್ರದೇಶದಲ್ಲಿ ಬಾಂಬೆ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ. ಅಲ್ಲಿ ತರಬೇತಿ ಪಡೆಯುವ ಯೋಧನಿಗೆ ಖಡಕಿ, ಪುಣೆ ೪೧೧೦೦೩ ಎಂದು ಊರಿನ ಹೆಸರಿನಲ್ಲೇ ಪತ್ರ ಬರೆಯಬಹುದು. ಅವನು ಗಡಿಗೆ ತೆರಳಿದ ಮೇಲೆ ವಿಳಾಸ ಬೇರೆಯಾಗುತ್ತದೆ: ಹೆಸರು, ದಳ, ‘೫೬ ಎಪಿಒ’. ಅದರಲ್ಲಿ ಊರೇ ಇಲ್ಲ. ದಳವು ಬೆಟ್ಟದಿಂದ ಬಯಲಿಗೆ ಇಳಿದರೂ ಲಕೋಟೆಯ ಮೇಲಿನ ಬರಹ ಬದಲಾಗದು. ದಳ ಈಗ ಎಲ್ಲಿದೆ ಎಂಬ ತಿಳಿವಳಿಕೆ ಸೇನಾ ಅಂಚೆಯವರದು. ಊರಿಲ್ಲವೆಂದ ಮಾತ್ರಕ್ಕೆ ಈ ವಿಳಾಸವನ್ನು ಮಿಥ್ಯೆ ಎನ್ನಲಾದೀತೇ? ಪತ್ರ ತಲುಪುತ್ತದೆಯಲ್ಲ!

ಗಣಕದಲ್ಲಿಯೂ ಹೀಗೆಯೇ. ಕ್ರಮವಿಧಿಯು ಹೇಳುವ ವಿಳಾಸ ಒಂದು, ಸ್ಮೃತಿಯಲ್ಲಿರುವ ಭೌತಿಕ ಸ್ಥಾನ ಮತ್ತೊಂದು. ಸ್ಮೃತಿಯನ್ನು ಸಾಮಾನ್ಯವಾಗಿ ೪೦೯೬ ಬೈಟುಗಳ ಪುಟಗಳಾಗಿ ವಿಂಗಡಿಸಿ, ಯಾವ ವಿಳಾಸಕ್ಕೆ ಯಾವ ಭೌತಿಕ ಪುಟವೆಂಬುದನ್ನು ‘ಪುಟಪಟ್ಟಿ’ಯಲ್ಲಿ ಬರೆದಿಡುತ್ತಾರೆ.

ಈ ಪಟ್ಟಿಯೇ ಪೂರ್ತಿ ಸಿದ್ಧವಾಗಿರದ ಹೊತ್ತೊಂದಿದೆ. ಅದು ಯಂತ್ರ ಎಚ್ಚರಗೊಳ್ಳುವ ಹೊತ್ತು. ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲನ್ನು ಉದಾಹರಣೆಯಾಗಿ ನೋಡೋಣ. ಹೊಸ ಜೋಡಣೆಗೆ ಪುಟಪಟ್ಟಿ ಬೇಕು. ಪಟ್ಟಿಗೆ ಸ್ಮೃತಿ ಬೇಕು. ಸ್ಮೃತಿಯನ್ನು ಹಂಚುವ ವ್ಯವಸ್ಥೆಗೆ ಯಂತ್ರದಲ್ಲಿ ಎಷ್ಟು ಸ್ಮೃತಿಯಿದೆಯೆಂದು ಗೊತ್ತಿರಬೇಕು. ಎಆರ್‌ಎಂ ವರ್ಗದ ಅನೇಕ ಯಂತ್ರಗಳಲ್ಲಿ ಆ ವಿವರವಿರುವುದು ‘ಡಿವೈಸ್ ಟ್ರೀ’ ಎಂಬ ದಾಖಲೆಯಲ್ಲಿ. ಅದನ್ನು ಓದಲು ಮತ್ತೆ ಜೋಡಣೆಯೇ ಬೇಕು! ನಮ್ಮ ಶಾಸ್ತ್ರಕಾರರು ಇಂಥದ್ದನ್ನು ಅನ್ಯೋನ್ಯಾಶ್ರಯವೆಂದು ಕರೆದರು.

ಇದರಿಂದ ಪಾರಾಗುವ ಉಪಾಯವೇ ‘ಫಿಕ್ಸ್‌ಮ್ಯಾಪ್’. ವಿಳಾಸಗಳಲ್ಲಿ ಕೆಲವನ್ನು ಮೊದಲೇ ಕಾದಿರಿಸಲಾಗುತ್ತದೆ. ಅವುಗಳಿಗೆ ಬೇಕಾದ ಪಟ್ಟಿಯ ಜಾಗವನ್ನು ಕರ್ನೆಲಿನ ಒಡಲಲ್ಲೇ ಇರಿಸಲಾಗುತ್ತದೆ. ಆದ್ದರಿಂದ ಸ್ಮೃತಿಯನ್ನು ಯಾರಿಂದಲೂ ಬೇಡಬೇಕಾಗಿಲ್ಲ. ಪ್ರತಿ ಸ್ಥಾನಕ್ಕೂ ಒಂದು ಕ್ರಮಸಂಖ್ಯೆಯುಂಟು. ಮೇಲಿನ ಮಿತಿಯಿಂದ ಸಂಖ್ಯೆಯ ೪೦೯೬ರಷ್ಟನ್ನು ಕಳೆದರೆ ವಿಳಾಸ ದೊರೆಯುತ್ತದೆ. ೩ನೆಯ ಸ್ಥಾನವೆಂದರೆ ಮಿತಿಗಿಂತ ೧೨,೨೮೮ ಬೈಟು ಕೆಳಗೆ. ಈ ಲೆಕ್ಕ ಕರ್ನೆಲನ್ನು ಸಂಕಲಿಸುವಾಗಲೇ ಮುಗಿದಿರುತ್ತದೆ. ಅಲ್ಲಿ ಯಾವ ಭೌತಿಕ ಪುಟ ಬಂದು ಕೂರಬೇಕೆಂಬುದು ಮಾತ್ರ ಯಂತ್ರ ಚಾಲೂ ಆದ ಮೇಲೆ ನಿರ್ಣಯವಾಗುತ್ತದೆ.

ಈ ಸ್ಥಾನಗಳಲ್ಲಿ ಎರಡು ಬಗೆ. ಇಂಟೆಲ್ ವರ್ಗದ ಯಂತ್ರಗಳಲ್ಲಿ ಅಡಚಣೆ ಸಂಕೇತಗಳನ್ನು ನಿರ್ವಹಿಸುವ ‘ಎಪಿಕ್’ ಘಟಕದಂಥವಕ್ಕೆ ಶಾಶ್ವತ ಸ್ಥಾನ. ಆರಂಭದಲ್ಲಿ ಒಮ್ಮೆ ಓದಿ ಬಿಡಬೇಕಾದ ಕೋಷ್ಟಕಗಳಿಗೆ ತಾತ್ಕಾಲಿಕ ಸ್ಥಾನ. ಕೆಲಸ ಮುಗಿದೊಡನೆ ಅದನ್ನು ತೆರವು ಮಾಡಬೇಕು. ಇಂಥ ಸ್ಥಾನಗಳು ಕೆಲವೇ ಇರುವುದರಿಂದ ತೆರವು ಮರೆತರೆ ಮುಂದೆ ಬರುವವರಿಗೆ ಎಡೆಯಿಲ್ಲ. ಹಾಗೆ ಉಳಿದುಬಿಟ್ಟದ್ದನ್ನು ಗುರುತಿಸಿ ಎಚ್ಚರಿಸುವ ಏರ್ಪಾಡೂ ಕರ್ನೆಲಿನಲ್ಲಿದೆ.

ವ್ಯಾಕರಣದ ವಿದ್ಯಾರ್ಥಿಗೆ ಇದು ತೀರ ಅಪರಿಚಿತವಲ್ಲ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾಗುವಾಗ ಕಕಾರದ ಸ್ಥಾನಕ್ಕೆ ಗಕಾರ ಆದೇಶವಾಗಿ ಬರುತ್ತದೆ. ಸ್ಥಾನ ಬೇರೆ, ಸ್ಥಾನದಲ್ಲಿರುವುದು ಬೇರೆ ಎಂಬ ವಿವೇಕವಿಲ್ಲದೆ ಆದೇಶವೆಂಬ ಕಲ್ಪನೆಯೇ ನಿಲ್ಲದು. ಹೋಲಿಕೆಗೆ ಮಿತಿಯೂ ಇದೆ: ಆದೇಶದಲ್ಲಿ ಇದ್ದುದು ಹೋಗಿ ಇನ್ನೊಂದು ಬರುತ್ತದೆ, ಇಲ್ಲಿ ಬರಿದಾದ ಸ್ಥಾನವೇ ಮೊದಲು, ಅತಿಥಿ ಅನಂತರ.

ಹೀಗೆ ನೋಡಿದಾಗ ‘ಮಿಥ್ಯಾ’ ಎಂಬ ವಿಶೇಷಣ ಸಲ್ಲದು. ಯಂತ್ರದಲ್ಲಿ ಉಳಿದೆಲ್ಲವೂ ಅನಿಶ್ಚಿತವಾಗಿರುವ ಗಳಿಗೆಯಲ್ಲಿ ಕರ್ನೆಲಿಗೆ ಆಧಾರವಾಗಿ ದೊರೆಯುವುದು ಇಂಥ ವಿಳಾಸ. ಅದನ್ನು ಮಿಥ್ಯೆಯೆಂದು ಕಲಿತ ವಿದ್ಯಾರ್ಥಿ ಅದರ ಪ್ರಯೋಜನವನ್ನೇ ಕಾಣದೆ ಹೋದಾನು. ಶಬ್ದಕ್ಕೂ ಅರ್ಥಕ್ಕೂ ಇರುವ ಒಪ್ಪಂದವನ್ನು ನಮ್ಮ ಪರಂಪರೆಯಲ್ಲಿ ‘ಸಂಕೇತ’ ಎನ್ನುತ್ತಾರೆ. ಇಲ್ಲಿಯೂ ಇರುವುದು ಅಂಥದೇ ಒಪ್ಪಂದ, ಅದನ್ನು ಪುಟಪಟ್ಟಿ ನಡೆಸಿಕೊಡುತ್ತದೆ. ಆದಕಾರಣ ‘ಸಾಂಕೇತಿಕ ವಿಳಾಸ’ ಎಂಬುದು ಹೆಚ್ಚು ಯುಕ್ತ. ಫಿಕ್ಸ್‌ಮ್ಯಾಪಿನವು ‘ನಿಯತ ಸಾಂಕೇತಿಕ ವಿಳಾಸ’ಗಳು. ವ್ಯಾಪಾರವನ್ನರಿತು ಹೆಸರಿಟ್ಟರೆ ಕನ್ನಡದಲ್ಲಿ ಪದಗಳಿಗೆ ಬಡತನವಿಲ್ಲ.